ನಿಮಗಿದು ಗೊತ್ತೆ? ಚೆಂಡು ಉರುಳಿಸದ ಬೌಲಿಂಗ್ ಪ್ರೇಮಿ

ಲಾಸ್ ಏಂಜಲೀಸ್‌ನ ಸೋಮಾರಿಯೊಬ್ಬನನ್ನು ಅದೇ ಹೆಸರಿನ ಸಿರಿವಂತನೆಂದು ತಿಳಿದು ಮನೆಗೆ ನುಗ್ಗುವ ಗೂಂಡಾಗಳಲ್ಲೊಬ್ಬ ಜಮಖಾನದ ಮೇಲೆ ಮೂತ್ರ ಮಾಡುತ್ತಾನೆ. ಜಮಖಾನಕ್ಕೆ ಪರಿಹಾರ ಕೇಳಲು ಹೋದವನು ಅಪಹರಣದ ಗೋಜಲಿನಲ್ಲಿ ಸಿಕ್ಕಿಬೀಳುತ್ತಾನೆ. ಅಪರಾಧ ಕಥೆಗೆ ಇಷ್ಟು ಸಣ್ಣ ನೆಪ ಸಾಕೆಂದು ತೋರಿಸಿದ ಚಿತ್ರ ಕೋಯೆನ್ ಸಹೋದರರ ‘ದಿ ಬಿಗ್ ಲೆಬೋವ್‌ಸ್ಕಿ’ (1998).

ಬೌಲಿಂಗ್ ಎಂದರೆ ಪ್ರಾಣಬಿಡುವ ನಾಯಕ ‘ಡ್ಯೂಡ್’, ಇಡೀ ಚಿತ್ರದಲ್ಲಿ ಒಮ್ಮೆಯೂ ಅಂಗಳದಲ್ಲಿ ಚೆಂಡು ಉರುಳಿಸುವುದಿಲ್ಲ! ಅವನ ಬಟ್ಟೆಗಳಲ್ಲಿ ಹಲವು ನಟ ಜೆಫ್ ಬ್ರಿಜಸ್ ಅವರ ಸ್ವಂತದ್ದೇ. ಆ ಸಹಜತೆ ತೆರೆಯ ಮೇಲೆ ಎದ್ದು ಕಾಣುತ್ತದೆ.

ಥಿಯೇಟರ್‌ಗಳಲ್ಲಿ ಹೆಚ್ಚು ಸದ್ದು ಮಾಡದ ಚಿತ್ರವನ್ನು ಮನೆಯಲ್ಲಿ ಮತ್ತೆ ಮತ್ತೆ ನೋಡಿದವರು ಎದೆಗಪ್ಪಿಕೊಂಡರು. 2002ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಅಭಿಮಾನಿಗಳು ಇದಕ್ಕೆಂದೇ ಹಬ್ಬ ಆರಂಭಿಸಿದರು. ಪಾತ್ರಗಳ ವೇಷ ತೊಟ್ಟು ಬೌಲಿಂಗ್ ಆಡುವುದೇ ಅಲ್ಲಿನ ಸಂಭ್ರಮ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೂ ಚಿತ್ರ ಸೇರಿತು.