ಕರಿದ ತಿಂಡಿಯ ಮೋಹವೂ ಗೃಹಸ್ಥರ ಕರ್ತವ್ಯವೂ

ನಾಲಗೆಗೂ ಹೊಟ್ಟೆಗೂ ನಡೆಯುತ್ತಿರುವ ವ್ಯಾಜ್ಯವು ಇಂದು ನೆನ್ನೆಯದಲ್ಲ. ಹಿತವಾದುದನ್ನು ಶ್ರೇಯಸ್ಸೆಂದೂ ಪ್ರಿಯವಾದುದನ್ನು ಪ್ರೇಯಸ್ಸೆಂದೂ ಕಠೋಪನಿಷತ್ತು ಬಹು ಹಿಂದೆಯೇ ವಿಂಗಡಿಸಿತು. ಆ ವಿಚಾರವು ಆತ್ಮವಿದ್ಯೆಗೆ ಸಂಬಂಧಪಟ್ಟುದಾದರೂ, ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತವನಿಗೂ ಚೆನ್ನಾಗಿ ಒಪ್ಪುವುದು. ಬಜ್ಜಿ ಬೋಂಡಗಳು ಮೈಗೆ ಹಿತವಲ್ಲವೆಂಬುದನ್ನು ಅರಿಯದವರಿಲ್ಲ. ಅರಿತು ಕೈಯನ್ನು ಹಿಂದಕ್ಕೆ ತೆಗೆಯುವವರೂ ಬಹಳವಿಲ್ಲ. ಇವು ನಮ್ಮನ್ನು ಇಷ್ಟು ಬಲವಾಗಿ ಸೆಳೆಯುವುದೇಕೆ, ಆ ಸೆಳೆತವನ್ನು ಗೃಹಸ್ಥರು ಅಂಕೆಯಲ್ಲಿಡುವ ಬಗೆ ಹೇಗೆ, ಎಂಬ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಮಾಡುವೆವು.

ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಮೂಡಣ ಬಡಾವಣೆಗಳನ್ನೂ ನೋಡಿದವರಿಗೆ ಈ ಮೋಹದ ಬಲವನ್ನು ವಿವರಿಸಬೇಕಾದುದಿಲ್ಲ. 1809ರಲ್ಲಿ ಬ್ರಿಟಿಷರ ಸೈನ್ಯವು ನೆಲೆಯೂರಿದ ಈ ಪ್ರದೇಶದಲ್ಲಿ ತಮಿಳರು, ದಖನಿ ಉರ್ದುವನ್ನಾಡುವ ಮುಸಲ್ಮಾನರು, ತೆಲುಗರು, ಆಂಗ್ಲೋ-ಇಂಡಿಯನ್ನರು ಮೊದಲಾದವರು ಕನ್ನಡಿಗರೊಡನೆ ಕಲೆತು ಬಾಳುತ್ತಿರುವರು. ಸಂಜೆ ಐದು ಗಂಟೆಯ ಮೇಲೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ನಡೆದರೆ ಸಮೋಸ, ಕಬಾಬುಗಳ ಬಾಣಲೆಗಳು ಕಾಣುವುವು. ರಂಜಾನ್ ತಿಂಗಳಲ್ಲಂತೂ ಉಪವಾಸ ಬಿಟ್ಟವರ ಸಂದಣಿಯಲ್ಲಿ ದಾರಿ ಸಿಕ್ಕುವುದೇ ಕಷ್ಟ. ಹಲಸೂರಿನ ಬೀದಿಗಳಿಗೆ ಬಂದರೆ ಮೆಣಸಿನಕಾಯಿ ಬಜ್ಜಿಯ ಘಾಟೂ ಮಸಾಲೆ ವಡೆಯ ಪರಿಮಳವೂ ಎದುರುಗೊಳ್ಳುವುವು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು ಕರಿದ ಕೋಳಿಯನ್ನೂ ಆಲೂಗಡ್ಡೆಯ ಸೀಳುಗಳನ್ನೂ ಕಾಗದದ ಡಬ್ಬಿಗಳಲ್ಲಿ ಕೊಡುವುವು. ಕೃಷ್ಣರಾಜಪುರದ ಕಡೆಗೆ ಹೋದರೆ ಗೋಬಿ ಮಂಚೂರಿಯ ತಳ್ಳುಗಾಡಿಗಳ ಮುಂದೆ, ಕೆಲಸ ಮುಗಿಸಿ ಮನೆಗೆ ಹೊರಟವರು ತಟ್ಟೆ ಹಿಡಿದು ನಿಂತಿರುವರು. ಭಾಷೆ ಬೇರೆ, ಮತ ಬೇರೆ, ಸಂಪಾದನೆ ಬೇರೆ; ಬಾಣಲೆಯ ಮುಂದೆ ಮಾತ್ರ ಎಲ್ಲರೂ ಒಂದೇ.

ಇದು ಈಚಿನ ಕಾಲದ ಕೇಡು, ಪಾಶ್ಚಾತ್ಯರಿಂದ ಬಂದ ಚಾಳಿ, ಎಂದು ಕೆಲವರು ಹೇಳುವರು. ಆ ಮಾತು ನಿಲ್ಲುವುದಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಅನ್ನಭೋಗವೆಂಬ ಪ್ರಕರಣವೊಂದುಂಟು. ಅಲ್ಲಿ ವಟಕ, ಪೂರಿಕಾ ಮೊದಲಾದ ಭಕ್ಷ್ಯಗಳ ಪಾಕಕ್ರಮವು ಬಂದಿರುವುದು. ವಟಕವೇ ನಮ್ಮ ವಡೆ. ಪೂರಿಕೆಯೇ ನಮ್ಮ ಪೂರಿಗೆ ಹಿರಿಯಳು. ಒಂಬತ್ತು ಶತಮಾನಗಳ ಹಿಂದೆ ಕನ್ನಡ ನಾಡಿನ ದೊರೆಯೊಬ್ಬನು ರಾಜ್ಯಭಾರದ ವಿಷಯಗಳೊಡನೆ ಇವನ್ನೂ ಬರೆಯಲು ಯೋಗ್ಯವೆಂದೆಣಿಸಿದನೆಂದ ಮೇಲೆ, ಕರಿದ ತಿಂಡಿಯು ಪರದೇಶದ್ದೆಂದು ದೂರುವುದು ಸರಿಯಲ್ಲ. ಮತ್ತೊಂದು ಕಡೆಯಿಂದ ನೋಡಿದರೆ, ಬಜ್ಜಿಯ ಮೆಣಸಿನಕಾಯಿಯೂ ಬೋಂಡದ ಆಲೂಗಡ್ಡೆಯೂ ಅಮೆರಿಕ ಖಂಡದಲ್ಲಿ ಹುಟ್ಟಿ, ಐರೋಪ್ಯರ ಹಡಗುಗಳ ಕಾಲದಲ್ಲಿ ಇಲ್ಲಿಗೆ ಬಂದವು. ಆದುದರಿಂದ ಬಾಣಲೆಯ ವಿಚಾರದಲ್ಲಿ ಸ್ವದೇಶಿ ಪರದೇಶಿ ಎಂಬ ಗೆರೆಯನ್ನು ಎಳೆಯುವುದು ಸುಲಭವಲ್ಲ.

ಇನ್ನು ಸೆಳೆತದ ಕಾರಣಕ್ಕೆ ಬರೋಣ. ನೀರು ನೂರು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುವುದು. ತೆರೆದ ಪಾತ್ರೆಯಲ್ಲಿ ಬೇಯಿಸಿದ ಪದಾರ್ಥವು ಆ ಶಾಖವನ್ನು ಮೀರಲಾರದು. ಕರಿಯುವ ಎಣ್ಣೆಯಾದರೋ 170ರಿಂದ 190 ಡಿಗ್ರಿಗಳವರೆಗೆ ಕಾದಿರುವುದು. ಹಿಟ್ಟಿನ ಉಂಡೆಯು ಅದರಲ್ಲಿ ಬಿದ್ದೊಡನೆ ಹೊರಮೈಯ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಡುವುದು. ಹೊರಮೈ ಒಣಗಿ ಗಟ್ಟಿಯಾಗುವುದು. ಒಳಭಾಗವು ತನ್ನ ನೀರಿನಲ್ಲಿಯೇ ಬೆಂದು ಮೃದುವಾಗಿರುವುದು. ಒಣಗಿದ ಹೊರಮೈಯು ಸುಮಾರು 140 ಡಿಗ್ರಿ ದಾಟಿದ ಮೇಲೆ, ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವೂ ಸಸಾರಜನಕದ ಅಂಶವೂ ಕೂಡಿ ಕೆಂಬಣ್ಣವನ್ನೂ ನೂರಾರು ಬಗೆಯ ಪರಿಮಳಗಳನ್ನೂ ಹುಟ್ಟಿಸುವುವು. 1912ರಲ್ಲಿ ಇದನ್ನು ವಿವರಿಸಿದ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದಲೇ ಈ ಕ್ರಿಯೆಯನ್ನು ಕರೆಯುವರು. ಇಡ್ಲಿಯ ಹಬೆಗೆ ಬೀದಿಯ ತುದಿಯಲ್ಲಿರುವವನನ್ನು ಕರೆದು ತರುವ ಶಕ್ತಿಯಿಲ್ಲ. ವಡೆಯ ಪರಿಮಳಕ್ಕೆ ಅದುಂಟು.

ಪರಿಮಳದಷ್ಟೇ ಬಲವಾದುದು ಶಬ್ದ. ಗರಿಗರಿ, ಕುರುಕುರು ಎಂಬ ನಮ್ಮ ಅನುಕರಣ ಶಬ್ದಗಳನ್ನು ನೋಡಿರಿ. ಕುರುಕಲು ತಿಂಡಿಯೆಂಬ ಹೆಸರು ತಿಂಡಿಯ ರುಚಿಯಿಂದ ಬಂದುದಲ್ಲ, ಹಲ್ಲಿನ ನಡುವೆ ಅದು ಮಾಡುವ ಸದ್ದಿನಿಂದ ಬಂದುದು. 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ಒಂದು ವಿನೋದವಾದ ಪರೀಕ್ಷೆಯನ್ನು ನಡೆಸಿದರು. ಆಲೂಗಡ್ಡೆಯ ಚಿಪ್ಸನ್ನು ಕಡಿಯುವವರ ಕಿವಿಗೆ ಅದೇ ಸದ್ದನ್ನು ಯಂತ್ರದಿಂದ ಹೆಚ್ಚಿಸಿ ಕೇಳಿಸಿದರೆ, ಅದು ಹೆಚ್ಚು ಗರಿಗರಿಯಾಗಿಯೂ ಹೊಸದಾಗಿಯೂ ಇರುವಂತೆ ಅವರಿಗೆ ತೋರುತ್ತಿದ್ದಿತು. ನಮ್ಮ ಅಜ್ಜಿಯರು ಹಪ್ಪಳವನ್ನು ಮುರಿದು, ಸದ್ದು ಕೇಳಿ ಬೆಲೆ ಕಟ್ಟುತ್ತಿದ್ದುದೂ ಇದೇ ತತ್ತ್ವದ ಮೇಲೆ.

ಎಲ್ಲಕ್ಕಿಂತ ಆಳವಾದ ಕಾರಣವು ಕೊಬ್ಬಿನಲ್ಲಿರುವುದು. ಒಂದು ಗ್ರಾಂ ಹಿಟ್ಟು ನಾಲ್ಕು ಕ್ಯಾಲೊರಿಗಳ ಶಕ್ತಿಯನ್ನು ಕೊಟ್ಟರೆ ಒಂದು ಗ್ರಾಂ ಎಣ್ಣೆಯು ಒಂಬತ್ತನ್ನು ಕೊಡುವುದು. ಮುಂದಿನ ಊಟ ಯಾವಾಗಲೋ ತಿಳಿಯದೆ ಬದುಕಿದ ನಮ್ಮ ಪೂರ್ವಿಕರಿಗೆ ಕೊಬ್ಬಿನ ರುಚಿಯೆಂದರೆ ಪ್ರಾಣರಕ್ಷಣೆಯ ರುಚಿ. ಕೊಬ್ಬೂ ಪಿಷ್ಟವೂ ಒಟ್ಟಿಗೆ ಇರುವ ತಿನಿಸುಗಳನ್ನು ಮಿದುಳು, ಅವುಗಳಲ್ಲಿ ಒಂದೊಂದೇ ಇರುವ ತಿನಿಸುಗಳಿಗಿಂತ ಬಹಳ ಹೆಚ್ಚಾಗಿ ಬಯಸುವುದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಬೋಂಡ, ಸಮೋಸ, ಪೂರಿ, ಎಲ್ಲವೂ ಈ ಎರಡರ ಕೂಟವಲ್ಲವೇ? ಆದುದರಿಂದ ಮಕ್ಕಳು ಇವನ್ನು ಬೇಡಿದರೆ ಅದು ಅವರ ದುರ್ಗುಣವಲ್ಲ, ಪ್ರಕೃತಿಯ ಪ್ರೇರಣೆ.

ಹಾಗಾದರೆ ಹಿಂದಿನವರು ಕೆಡದೆ ಉಳಿದುದು ಹೇಗೆ? ಅವರು ನಮಗಿಂತ ಜಿತೇಂದ್ರಿಯರಾಗಿದ್ದರೆಂದು ನಮಗೆ ತೋರುವುದಿಲ್ಲ. ಅವರ ಬಾಣಲೆಯ ಸುತ್ತ ಮೂರು ಬೇಲಿಗಳಿದ್ದುವು. ಮೊದಲನೆಯದು ಎಣ್ಣೆಯ ಬೆಲೆ. ಎರಡನೆಯದು ಕಾಲನಿಯಮ: ಗೋಕುಲಾಷ್ಟಮಿಗೆ ಚಕ್ಕುಲಿ ಕೋಡುಬಳೆ, ದೀಪಾವಳಿಗೆ ಕಜ್ಜಾಯ, ಹಬ್ಬದೂಟಕ್ಕೆ ಆಂಬೊಡೆ. ಮೂರನೆಯದು ಶ್ರಮ: ಬೇಳೆ ನೆನೆಹಾಕಿ, ಒರಳಲ್ಲಿ ರುಬ್ಬಿ, ಹೊಗೆಯಲ್ಲಿ ಅರ್ಧ ದಿನ ಕುಳಿತರೆ ಒಂದು ಡಬ್ಬಿ ತಿಂಡಿ. ಈ ಮೂರನೆಯ ಬೇಲಿಯನ್ನು ಹೊತ್ತವರು ಮನೆಯ ಹೆಂಗಸರೆಂಬುದನ್ನು ಮರೆಯಲಾಗದು. ಗಂಡಸರ ಮಿತಾಹಾರದ ಕೀರ್ತಿಯಲ್ಲಿ ಬಹುಭಾಗವು ಅವರ ಬೆನ್ನುನೋವಿನಿಂದ ಬಂದುದು. ಇಂದು ಮೂರು ಬೇಲಿಗಳೂ ಬಿದ್ದಿವೆ. ಅಷ್ಟಮಿಯ ಚಕ್ಕುಲಿ ಎಲ್ಲ ದಿನವೂ ಅಂಗಡಿಯಲ್ಲಿ ದೊರೆಯುವುದು. ದೂರವಾಣಿಯನ್ನು ಬೆರಳಿನಿಂದ ಒತ್ತಿದರೆ ಕರಿದ ಕೋಳಿಯು ದ್ವಿಚಕ್ರದ ಮೇಲೆ ಬಾಗಿಲಿಗೇ ಬರುವುದು. ಆಸೆ ಹಳೆಯದು, ಅದಕ್ಕೆ ಅಡ್ಡವಾಗಿದ್ದುವೆಲ್ಲ ಹೋದುವು. ಇದೇ ನಮ್ಮ ಕಾಲದ ನಿಜವಾದ ಹೊಸತನ.

ಈ ವಿಷಯದಲ್ಲಿ ಬೆಂಗಳೂರು ಒಮ್ಮೆ ದೇಶದ ಗಮನವನ್ನೇ ಸೆಳೆದಿತ್ತು. 1995ರ ಜೂನ್ ತಿಂಗಳಲ್ಲಿ ಅಮೆರಿಕದ ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲನೆಯ ಅಂಗಡಿಯನ್ನು ದಂಡು ಪ್ರದೇಶದ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಅದನ್ನು ವಿರೋಧಿಸಿತು. ಪರದೇಶದ ದೊಡ್ಡ ಸಂಸ್ಥೆಗಳಿಂದ ನಮ್ಮ ಬೇಸಾಯಕ್ಕೂ ಆಹಾರಕ್ಕೂ ಕೇಡೆಂಬುದು ಅವರ ವಾದ. ಅದೇ ವರ್ಷ, ಅಜಿನೊಮೊಟೊ ಎಂದು ಜನರು ಕರೆಯುವ ಲವಣವು ಮಿತಿಮೀರಿದೆಯೆಂದು ನಗರಪಾಲಿಕೆಯು ಅಂಗಡಿಯ ಮೇಲೆ ಕ್ರಮ ಕೈಗೊಂಡಿತು. ನ್ಯಾಯಾಲಯದ ಆಜ್ಞೆಯಿಂದ ಅದು ಮತ್ತೆ ನಡೆಯಿತು. 1996ರ ಜನವರಿಯಲ್ಲಿ ಸಂಘದ ಕಾರ್ಯಕರ್ತರು ಒಳನುಗ್ಗಿ ಅಂಗಡಿಯನ್ನು ಧ್ವಂಸಮಾಡಿದರು. ಆ ಬಳಿಕ ಆ ಸಂಸ್ಥೆಯ ಅಂಗಡಿಗಳು ದೇಶದಲ್ಲೆಲ್ಲ ಹಬ್ಬಿದುವು. ರೈತರ ಆತಂಕವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಜಗಳವೆಲ್ಲ ಬಾಣಲೆ ಯಾರದೆಂಬುದರ ಮೇಲೆ ನಡೆಯಿತೇ ಹೊರತು, ಬಾಣಲೆಯೊಳಗೆ ಏನಿದೆ, ಎಷ್ಟು ಸಲ ಅದರ ಮುಂದೆ ನಿಲ್ಲಬೇಕು, ಎಂಬುದರ ಮೇಲೆ ಹೆಚ್ಚಾಗಿ ನಡೆಯಲಿಲ್ಲ.

ಆ ಪ್ರಶ್ನೆಯು ಸರ್ಕಾರದ ಮುಂದೆ ಬಂದುದು ಬಹುಕಾಲದ ಮೇಲೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಮಾಡಿಸಿದಾಗ 107ರಲ್ಲಿ ಅಪಾಯಕರವಾದ ಕೃತಕ ಬಣ್ಣಗಳು ಕಂಡುಬಂದುವು. ಅವುಗಳಲ್ಲಿ ಒಂದಾದ ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಆ ತಿಂಡಿಗೆ ಇಂತಹ ಬಣ್ಣ ಬೆರಸುವುದನ್ನು ಆಗಲೇ ನಿಷೇಧಿಸಿದರು. ಜೂನ್ ತಿಂಗಳಲ್ಲಿ ಕಬಾಬಿಗೂ ಮೀನಿನ ತಿನಿಸುಗಳಿಗೂ ಅದೇ ನಿಷೇಧವಾಯಿತು. ತಪ್ಪಿ ನಡೆದವರಿಗೆ ಸೆರೆಯನ್ನೂ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಪರದೇಶದ ಕೋಳಿಯನ್ನು ಶಂಕಿಸಿದ ನಾವು ನಮ್ಮ ಬೀದಿಯ ಹೂಕೋಸಿನ ಕೆಂಪನ್ನು ಅಷ್ಟು ಕಾಲ ಶಂಕಿಸಲಿಲ್ಲ.

ಬಣ್ಣಕ್ಕಿಂತ ಗುಪ್ತವಾದ ಶತ್ರುವು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಪದೇ ಪದೇ ಕಾದ ಎಣ್ಣೆಯು ಒಡೆದು ಹಾನಿಕರವಾದ ವಸ್ತುಗಳನ್ನು ಹುಟ್ಟಿಸುವುದು. ಇವುಗಳ ಪ್ರಮಾಣವು ನೂರಕ್ಕೆ ಇಪ್ಪತ್ತೈದನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು 2018ರ ಜುಲೈ 1ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಇಂತಹ ಎಣ್ಣೆಯನ್ನು ಸಂಗ್ರಹಿಸಿ ವಾಹನಗಳ ಇಂಧನವನ್ನಾಗಿ ಮಾರ್ಪಡಿಸುವ ಯೋಜನೆಯೂ ಅದೇ ವರ್ಷ ಪ್ರಾರಂಭವಾಯಿತು. ಆದರೆ ತಳ್ಳುಗಾಡಿಯವನಿಗೆ ಎಣ್ಣೆಯೇ ಬಂಡವಾಳ. ಉಳಿದುದನ್ನು ಚೆಲ್ಲೆಂದರೆ ಆ ದಿನದ ಲಾಭವನ್ನೇ ಚೆಲ್ಲೆಂದಂತೆ. ಅವನನ್ನು ಪಾಪಿಯೆಂದು ಬೈಯುವುದರಿಂದ ಫಲವಿಲ್ಲ. ಕಪ್ಪಗೆ ಮಂದವಾಗಿ, ನೊರೆಗಟ್ಟಿ, ಕಾಯುವ ಮುನ್ನವೇ ಹೊಗೆಯಾಡುವ ಎಣ್ಣೆಯನ್ನು ಕಂಡರೆ ಗಿರಾಕಿಗಳು ಮುಂದಕ್ಕೆ ನಡೆಯಬೇಕು. ಶುದ್ಧವಾದ ಎಣ್ಣೆ ಹಾಕುವವನಿಗೆ ಎರಡು ರೂಪಾಯಿ ಹೆಚ್ಚಾದರೂ ಕೊಡಬೇಕು. ಆಗ ಶುದ್ಧಿಯೇ ಅವನಿಗೆ ಲಾಭವಾಗುವುದು.

ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿರುವುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಅದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಬಜ್ಜಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಪ್ರತಿದಿನ ಸಂಜೆ ಕರಿದ ತಿಂಡಿಯಿಂದ ಹೊಟ್ಟೆ ತುಂಬಿಸುವ ಮಗುವಿಗೆ ರಾತ್ರಿ ಸೊಪ್ಪಿನ ಸಾರು ರುಚಿಸದು. ದಿನದಿನಕ್ಕೂ ಈ ನಷ್ಟವು ಅತಿ ಸಣ್ಣದಾಗಿ ತೋರುವುದರಿಂದಲೇ ಯಾರೂ ಲೆಕ್ಕ ಹಿಡಿಯುವುದಿಲ್ಲ. ಹತ್ತು ವರ್ಷಗಳ ಮೇಲೆ ವೈದ್ಯರು ಲೆಕ್ಕ ತೋರಿಸುವರು.

ಹಾಗೆಂದು ಪೂರ್ತಿಯಾಗಿ ನಿಷೇಧಿಸಿರೆಂದು ನಾವು ಹೇಳುವುದಿಲ್ಲ. ನಿಷೇಧಿಸಿದ ಮನೆಯ ಹುಡುಗನು ಬೀದಿಯ ತಿರುವಿನಲ್ಲಿ ಕದ್ದು ತಿನ್ನುವನು. ಬಿದ್ದ ಬೇಲಿಗಳಲ್ಲಿ ಬೆಲೆಯ ಬೇಲಿಯನ್ನು ಎತ್ತಿ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಹೆಂಗಸರ ಶ್ರಮದ ಬೇಲಿಯನ್ನು ಹಾಗೆಯೇ ಎತ್ತಿ ಕಟ್ಟುವುದು ಧರ್ಮವಲ್ಲ. ಉಳಿದಿರುವುದು ಕಾಲನಿಯಮ. ವಾರದಲ್ಲಿ ಒಂದು ಸಂಜೆಯನ್ನು ಗೊತ್ತುಮಾಡಿ, ಅಂದು ಮನೆಯಲ್ಲಿಯೇ ಬಾಣಲೆಯನ್ನಿಡಿರಿ. ಮಗನು ಈರುಳ್ಳಿ ಹೆಚ್ಚಲಿ, ಮಗಳು ಹಿಟ್ಟು ಕಲಸಲಿ, ಯಜಮಾನನು ಜಾಲರಿ ಹಿಡಿದು ಒಲೆಯ ಮುಂದೆ ನಿಲ್ಲಲಿ, ಗೃಹಿಣಿಯು ಮೊದಲನೆಯ ತಟ್ಟೆಯನ್ನು ಬಿಸಿಯಾಗಿ ತಿನ್ನಲಿ. ಬಾಣಲೆಯಿಂದ ತೆಗೆದ ತಿಂಡಿಯು ಆರುವಾಗ ಒಳಗಿನ ಆವಿ ತಣ್ಣಗಾಗಿ ಹೊರಮೈಯ ಎಣ್ಣೆಯನ್ನು ಒಳಕ್ಕೆ ಹೀರಿಕೊಳ್ಳುವುದು. ಆದಕಾರಣ ಬಿಸಿಯಿರುವಾಗಲೇ ಜಾಲರಿಯ ಮೇಲೆ ಬಸಿಯಗೊಡಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆಯೇ ಹಿಟ್ಟನ್ನು ಬಿಡಬೇಕು. ಸ್ವಲ್ಪ ಎಣ್ಣೆಯನ್ನೇ ಇಟ್ಟು, ಉಳಿದುದನ್ನು ಮತ್ತೆ ಕರಿಯಲು ಬಳಸದಿರುವುದು ಉತ್ತಮ.

ಡಬ್ಬಿಯಲ್ಲಿ ಮುಚ್ಚಿ ಮನೆಗೆ ತರಿಸಿದ ಬಜ್ಜಿಯು ತನ್ನ ಹಬೆಯಲ್ಲಿಯೇ ಮೆತ್ತಗಾಗುವುದನ್ನು ಎಲ್ಲರೂ ಬಲ್ಲರು. ಗರಿಗರಿಯೆಂಬ ಗುಣವು ಒಲೆಯ ಬಳಿ ನಿಂತವರಿಗೆ ಮಾತ್ರ, ಅದೂ ಕೆಲವು ನಿಮಿಷಗಳ ಮಟ್ಟಿಗೆ, ದೊರೆಯುವುದು. ಅದನ್ನು ಮನೆಮಂದಿಯೆಲ್ಲ ಕೂಡಿ ವಾರಕ್ಕೊಮ್ಮೆ ಅನುಭವಿಸಿದರೆ ನಾಲಗೆಗೂ ನಷ್ಟವಿಲ್ಲ, ಹೊಟ್ಟೆಗೂ ದೂರಿಲ್ಲ.