ಹಿಮಯುಗದ ಧೂಳು: ಕಾರಣವೋ, ಪರಿಣಾಮವೋ?

ಧೂಳು ಎಂದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಕರಿಹಲಗೆ ಒರೆಸುವಾಗ ಹಾರುವ ಸೀಮೆಸುಣ್ಣದ ಪುಡಿ, ಬೇಸಿಗೆಯ ಬಯಲಿನಲ್ಲಿ ಏಳುವ ಸುಂಟರಗಾಳಿ. ಅದೇ ಧೂಳು ಹಿಮಯುಗಗಳಲ್ಲಿ ಇಡೀ ಭೂಮಿಯ ಹವಾಮಾನದ ಮೇಲೆ ಪ್ರಭಾವ ಬೀರಿತು. ಈ ವಿಷಯವನ್ನು ಬೋಧಿಸುವಾಗ "ಧೂಳು ಭೂಮಿಯನ್ನು ತಂಪಾಗಿಸಿತೆ, ಬಿಸಿಯಾಗಿಸಿತೆ?" ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಒಂದೇ ಪದದ ಉತ್ತರವಿಲ್ಲವೆಂಬುದನ್ನು ಶಿಕ್ಷಕರು ಮೊದಲು ಮನಗಾಣಬೇಕು.

ಸಾಕ್ಷ್ಯ

ಅಂಟಾರ್ಕ್ಟಿಕಾದಲ್ಲಿ ಬೀಳುವ ಹಿಮವು ಕರಗದೆ ಪದರಪದರವಾಗಿ ಗಟ್ಟಿಗೊಳ್ಳುತ್ತದೆ. ಆಯಾ ಕಾಲದ ಧೂಳೂ ಗಾಳಿಯ ಗುಳ್ಳೆಗಳೂ ಅದರಲ್ಲಿ ಸೆರೆಯಾಗುತ್ತವೆ. ವೊಸ್ತೋಕ್ ಎಂಬಲ್ಲಿ 3,600 ಮೀಟರಿಗೂ ಹೆಚ್ಚು ಆಳ ಕೊರೆದು ತೆಗೆದ ಮಂಜುಗಡ್ಡೆಯ ಕಂಬಗಳು ಸುಮಾರು 4,20,000 ವರ್ಷಗಳ ದಾಖಲೆಯನ್ನೂ, ಡೋಮ್ ಸಿ ಎಂಬಲ್ಲಿ ತೆಗೆದವು ಸುಮಾರು 8,00,000 ವರ್ಷಗಳ ದಾಖಲೆಯನ್ನೂ ಒದಗಿಸಿವೆ. ಅತಿ ಶೀತದ ಹಂತಗಳಲ್ಲಿ ಅಲ್ಲಿ ಬಿದ್ದ ಧೂಳು ಬೆಚ್ಚನೆಯ ಹಂತಗಳಿಗಿಂತ ಸುಮಾರು 25 ಪಟ್ಟು ಹೆಚ್ಚು. ಅದರ ಬಹುಭಾಗ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಡೆಯಿಂದ ಬಂದುದು.

ಧೂಳು ಹೆಚ್ಚಿದ ಬಗೆ

ತಂಪಾದ ಗಾಳಿಯಲ್ಲಿ ನೀರಾವಿ ಕಡಿಮೆ. ಆದ್ದರಿಂದ ಅನೇಕ ಪ್ರದೇಶಗಳಲ್ಲಿ ಮಳೆ ತಗ್ಗಿತು. ಸಸ್ಯಗಳು ವಿರಳವಾಗಿ ನೆಲ ಬರಿದಾಯಿತು. ಹಿಮನದಿಗಳು ಬಂಡೆಗಳನ್ನು ಹಿಟ್ಟಿನಂತೆ ಅರೆದು ಬಯಲಿಗೆ ತಂದು ಹರಡಿದವು. ಆ ಪುಡಿಯನ್ನು ಬಲವಾದ ಗಾಳಿ ಎತ್ತಿ ಒಯ್ದಿತು. ಮಳೆಯಿಂದ ತೊಳೆದುಹೋಗದ ಕಾರಣ ಅದು ಬಹುದೂರ ಸಾಗಿತು. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಹೀಗೆ ಗಾಳಿ ತಂದ ಮಣ್ಣು ಹಲವೆಡೆ 100 ಮೀಟರಿಗೂ ದಪ್ಪವಾಗಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಎರೆಮಣ್ಣನ್ನು ವಿದ್ಯಾರ್ಥಿಗಳು ಇದಕ್ಕೆ ಹೋಲಿಸಬಾರದು. ಅದು ಬಸಾಲ್ಟ್ ಶಿಲೆ ಶಿಥಿಲಗೊಂಡು ಆದ ಮಣ್ಣು.

ಧೂಳಿನ ಮೂರು ಕಾರ್ಯಗಳು

ಮೊದಲನೆಯದಾಗಿ, ಕಪ್ಪಾದ ಕಡಲಿನ ಮೇಲಿನ ಗಾಳಿಯಲ್ಲಿ ತೇಲುವ ಧೂಳು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಿ ತಂಪು ತರುತ್ತದೆ.

ಎರಡನೆಯದಾಗಿ, ಬಿಳಿಯ ಹಿಮದ ಮೇಲೆ ಕುಳಿತ ಧೂಳು ಅದನ್ನು ಮಂಕಾಗಿಸುತ್ತದೆ. ಆಗ ಹಿಮವು ಹೆಚ್ಚು ಬಿಸಿಲನ್ನು ಹೀರಿ ಬೇಗ ಕರಗುತ್ತದೆ.

ಮೂರನೆಯದಾಗಿ, ಧೂಳಿನಲ್ಲಿ ಕಬ್ಬಿಣವಿದೆ. ದಕ್ಷಿಣ ಮಹಾಸಾಗರದಲ್ಲಿ ಇತರ ಪೋಷಕಾಂಶಗಳು ಧಾರಾಳವಾಗಿದ್ದರೂ ಕಬ್ಬಿಣದ ಕೊರತೆಯಿದೆ. ಧೂಳು ಈ ಕೊರತೆಯನ್ನು ನೀಗಿದಾಗ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಇಂಗಾಲದ ಡೈಆಕ್ಸೈಡನ್ನು ಹೀರಿದವು. ಅವುಗಳ ಅವಶೇಷಗಳೊಡನೆ ಇಂಗಾಲವು ಆಳಕ್ಕಿಳಿಯಿತು ಎಂದು ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ 1990ರಲ್ಲಿ ವಾದಿಸಿದರು. ಬೆಚ್ಚನೆಯ ಹಂತಗಳಲ್ಲಿ ಹತ್ತು ಲಕ್ಷ ಭಾಗಗಳಿಗೆ ಸುಮಾರು 280ರಷ್ಟಿದ್ದ ಈ ಅನಿಲ, ಕಡುಶೀತದಲ್ಲಿ ಸುಮಾರು 180ರಿಂದ 190ಕ್ಕೆ ಇಳಿದಿತ್ತು. ಈ ಇಳಿಕೆಯಲ್ಲಿ ಧೂಳಿನ ಪಾಲು ಒಂದು ಅಂಶ ಮಾತ್ರ.

ತಪ್ಪು ಗ್ರಹಿಕೆ

"ಹಿಮಯುಗಕ್ಕೆ ಧೂಳೇ ಕಾರಣ" ಎಂಬ ಉತ್ತರ ಸರಿಯಲ್ಲ. ಹಿಮಯುಗಗಳ ಲಯವನ್ನು ನಿರ್ಧರಿಸಿದ್ದು ಭೂಮಿಯ ಕಕ್ಷೆಯಲ್ಲೂ ಅಕ್ಷದ ಓರೆಯಲ್ಲೂ ಆಗುವ ನಿಧಾನ ಬದಲಾವಣೆಗಳು. ಶೀತ ಹೆಚ್ಚಿದಾಗ ಧೂಳು ಹೆಚ್ಚಿತು. ಹೆಚ್ಚಿದ ಧೂಳು ಒಟ್ಟಾರೆಯಾಗಿ ಶೀತವನ್ನು ಇನ್ನಷ್ಟು ಬಲಪಡಿಸಿತು. ಹೀಗೆ ಪರಿಣಾಮವೇ ತಿರುಗಿ ಕಾರಣವಾಗುವುದನ್ನು ಮರುಪ್ರಭಾವ ಎನ್ನಬಹುದು.

ತರಗತಿಯಲ್ಲಿ

ಒಂದೇ ಗಾತ್ರದ ಎರಡು ಐಸ್ ತುಂಡುಗಳನ್ನು ಬೇರೆಬೇರೆ ತಟ್ಟೆಗಳಲ್ಲಿ ಬಿಸಿಲಿಗಿಡಿ. ಒಂದರ ಮೇಲೆ ಇದ್ದಿಲ ಪುಡಿಯನ್ನು ತೆಳ್ಳಗೆ ಉದುರಿಸಿ. ದಪ್ಪವಾಗಿ ಹಾಕಿದರೆ ಅದು ಹೊದಿಕೆಯಾಗಿ ಕರಗುವುದನ್ನು ತಡೆಯಬಹುದು. ಯಾವುದು ಮೊದಲು ಕರಗಿತು, ಏಕೆ ಎಂಬುದನ್ನು ವಿದ್ಯಾರ್ಥಿಗಳು ತಮ್ಮದೇ ವಾಕ್ಯಗಳಲ್ಲಿ ಬರೆಯಲಿ. ಇದು ಎರಡನೆಯ ಕಾರ್ಯವನ್ನಷ್ಟೇ ತೋರಿಸುತ್ತದೆಂಬುದನ್ನೂ ತಿಳಿಸಿ.

ಮೌಲ್ಯಮಾಪನದಲ್ಲಿ ಪದಕ್ಕಿಂತ ಕಾರಣಗಳ ಸರಪಳಿಗೆ ಹೆಚ್ಚು ಅಂಕ ಸಲ್ಲಲಿ. ನಮ್ಮ ಶಾಲೆಗಳ ಅನೇಕ ಮಕ್ಕಳು ಮುಂದೆ ಬೇರೊಂದು ಭಾಷೆಯಲ್ಲಿ ವಿಜ್ಞಾನ ಓದಬೇಕಾಗುತ್ತದೆ. ಅಂದು ಪಾರಿಭಾಷಿಕ ಪದಗಳು ಬದಲಾಗುತ್ತವೆ. ಕನ್ನಡದಲ್ಲಿ ಸ್ಪಷ್ಟವಾಗಿ ಅರಿತ ಕಾರ್ಯಕಾರಣ ಸಂಬಂಧವು ಅವರೊಂದಿಗೆ ಉಳಿಯುತ್ತದೆ.