ದೆಹಲಿಯ ಆಟ, ಹಾಸನದ ಆಕಾಶ

ದೆಹಲಿಯ ಮಂಡಿ ಹೌಸ್ ವೃತ್ತದ ಬಳಿ, ಕೋಪರ್ನಿಕಸ್ ಮಾರ್ಗದಲ್ಲಿ, ದೂರದರ್ಶನ ಭವನವಿದೆ. ಕಮಾನಿ ಸಭಾಂಗಣಕ್ಕೆ ನಾಟಕ, ನೃತ್ಯ ನೋಡಲು ಬರುವವರು ಅದರ ಮುಂದೆಯೇ ಹಾದುಹೋಗುತ್ತಾರೆ. ಕ್ರೀಡಾ ಪ್ರಸಾರ ಎಂದರೆ ಇವತ್ತು ಖಾಸಗಿ ವಾಹಿನಿಗಳು, ಕೋಟಿಗಳ ಹರಾಜು. ಆದರೆ ಟಿಕೆಟ್ ಕೊಳ್ಳಲಾಗದವರ, ದೆಹಲಿಯನ್ನು ಕಂಡೇ ಇರದವರ ಮನೆಗೂ ಆಟ ತಲುಪಬೇಕು ಎಂಬ ಹಟ ತೊಟ್ಟದ್ದು ಈ ಸಂಸ್ಥೆ. ಅದಕ್ಕೆ ಹೆಗಲು ಕೊಟ್ಟದ್ದು ನಮ್ಮ ಹಾಸನ.

ಶುರುವಾದದ್ದು ತೀರಾ ಸಣ್ಣದಾಗಿ. 1959ರ ಸೆಪ್ಟೆಂಬರ್ 15ರಂದು ಆಕಾಶವಾಣಿ ಭವನದ ತಾತ್ಕಾಲಿಕ ಸ್ಟುಡಿಯೋದಿಂದ ಪ್ರಾಯೋಗಿಕ ಪ್ರಸಾರ ಹೊರಟಿತು. ದಿನವೂ ಪ್ರಸಾರವಾಗಲು 1965 ಬರಬೇಕಾಯಿತು. 1975–76ರಲ್ಲಿ ಅಮೆರಿಕದ ಎರವಲು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ 'ಸೈಟ್' ಪ್ರಯೋಗ ನಡೆದಾಗ ನಮ್ಮ ರಾಜ್ಯದ ಹಳ್ಳಿಗಳೂ ಅದರಲ್ಲಿದ್ದವು. ಅದರ ಬೆನ್ನಲ್ಲೇ, 1977ರಲ್ಲಿ, ಗುಲಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ರಾಜಧಾನಿ ಬೆಂಗಳೂರು 1981ರ ತನಕ ಕಾಯಿತು. ಉಪಗ್ರಹದ ಮುಂದೆ ಊರು ದೊಡ್ಡದು ಚಿಕ್ಕದು ಎಂಬ ಭೇದ ಇರಲಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1982ರ ನವೆಂಬರಿಗೆ ದೆಹಲಿಯಲ್ಲಿ ಒಂಬತ್ತನೇ ಏಷ್ಯನ್ ಕ್ರೀಡಾಕೂಟ ನಿಗದಿಯಾಗಿತ್ತು. ಅದಕ್ಕೆ ಮುನ್ನ, ಆ ಏಪ್ರಿಲ್‌ನಲ್ಲಿ, ಇನ್ಸಾಟ್-1ಎ ಕಕ್ಷೆ ಸೇರಿತು. ಕಟ್ಟಿದ್ದು ಅಮೆರಿಕದಲ್ಲಿ, ಹಾರಿದ್ದೂ ಅಲ್ಲಿಂದಲೇ; ಅದರ ಲಗಾಮು ಇದ್ದದ್ದು ಮಾತ್ರ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಆಗಸ್ಟ್ 15ಕ್ಕೆ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಒಟ್ಟಿಗೆ ಆರಂಭವಾದವು. ಉಪಗ್ರಹಕ್ಕೆ ಮಾತ್ರ ಮೊದಲಿನಿಂದಲೂ ಒಂದಲ್ಲ ಒಂದು ತೊಂದರೆ. ಅದರ ಸೌರಪಟ ಬಿಚ್ಚಿಕೊಳ್ಳಲೇ ಇಲ್ಲ. ದಿಕ್ಕು ಸರಿಪಡಿಸುವುದರಲ್ಲೇ ಇಂಧನ ಕರಗುತ್ತ ಬಂತು. ಸೆಪ್ಟೆಂಬರ್ 6ಕ್ಕೆ ಅದು ಪೂರ್ತಿ ಮುಗಿಯಿತು. ಕ್ರೀಡಾಕೂಟಕ್ಕೆ ಉಳಿದಿದ್ದದ್ದು ಎರಡೂವರೆ ತಿಂಗಳು.

ಪ್ರಸಾರ ನಿಲ್ಲಲಿಲ್ಲ. ನವೆಂಬರ್ 19ರಂದು ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕೂಟ ಆರಂಭವಾಯಿತು. ಮೈದಾನದ ಒಂದೊಂದು ಮೂಲೆಯ ಕ್ಯಾಮೆರಾ ಕಂಡದ್ದೆಲ್ಲ ಹೊರಗೆ ನಿಂತ ಒಬಿ ವ್ಯಾನಿಗೆ ಬರುತ್ತದೆ. ಒಳಗಿರುವ ನಿರ್ಮಾಪಕ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ದೃಶ್ಯ ಆರಿಸಿ ಕಳಿಸಬೇಕು; ನೇರ ಪ್ರಸಾರದಲ್ಲಿ ತಿದ್ದಲು ಅವಕಾಶವೇ ಇಲ್ಲ. ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್‌ನಲ್ಲಿ, ಚಾರ್ಲ್ಸ್ ಬೊರೊಮಿಯೊ 800 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 1–7ರ ಸೋಲು. ಆ ಗೆಲುವನ್ನೂ ಆ ನೋವನ್ನೂ ಜನ ಟಿ.ವಿ. ಇದ್ದವರ ಪಡಸಾಲೆಗಳಲ್ಲಿ ಒತ್ತೊತ್ತಾಗಿ ಕೂತು ನೋಡಿದರು.

ಕ್ಯಾಮೆರಾ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮುಂದಿನ ವರ್ಷವೇ ತಿಳಿಯಿತು. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ವಿಶ್ವಕಪ್ ಕ್ರಿಕೆಟ್‌ನಲ್ಲಿ ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಭಾರತ ತಂಡವನ್ನು ಕಪಿಲ್ ದೇವ್ ಅಜೇಯ 175 ಹೊಡೆದು ಎತ್ತಿದರು. ಮತ್ತೊಂದು ತುದಿಯಲ್ಲಿ ನಮ್ಮ ಸಯ್ಯದ್ ಕಿರ್ಮಾನಿ, ಅಜೇಯ 24. ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್. ಆ ಜೊತೆಯಾಟದ ಚಿತ್ರೀಕರಣವೇ ಇಲ್ಲ. ದೂರದರ್ಶನದ ಸಂಗ್ರಹದಲ್ಲಿರುವ ಹಳೆಯ ಟೇಪುಗಳನ್ನು ದೇಶದ ಆಸ್ತಿಯಂತೆ ಕಾಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅದೇ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಚಾಲೆಂಜರ್ ನೌಕೆಯಲ್ಲಿ ಹೊರಟಿತು. ಅದರ ಸೌರಫಲಕವೂ ಸಿಕ್ಕಿಹಾಕಿಕೊಂಡಿತ್ತು. ಈ ಸಲ ಬಿಡಿಸಲಾಯಿತು. ಅದರ ಬಲದ ಮೇಲೆ 1984ರ ಕೆಲವು ತಿಂಗಳು ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ಎದ್ದವು. ಆ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶದಿಂದ ಇಂದಿರಾ ಗಾಂಧಿಯವರೊಡನೆ ಮಾತಾಡಿದ್ದನ್ನು ದೇಶ ಕಂಡದ್ದೂ ದೂರದರ್ಶನದಲ್ಲೇ. ಅವರನ್ನು ಭೂಮಿಗೆ ಇಳಿಸಿದ ಸೊಯುಜ್ ಟಿ-10ರ ಕೋಶವನ್ನು ತೀನ್ ಮೂರ್ತಿ ಆವರಣದ ನೆಹರೂ ತಾರಾಲಯದಲ್ಲಿ ಇರಿಸಲಾಯಿತು. ದೆಹಲಿಗೆ ಮಕ್ಕಳನ್ನು ಕರೆದೊಯ್ಯುವವರು ಕೆಂಪು ಕೋಟೆ, ಕುತುಬ್ ಮಿನಾರಿನ ಜೊತೆ ಇದಕ್ಕೂ ಅರ್ಧ ದಿನ ಇಟ್ಟುಕೊಳ್ಳಲಿ. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಲ್ಲಿ ಪ್ರಗತಿ ಮೈದಾನದಲ್ಲಿ ತೆರೆದ ಮನರಂಜನಾ ಉದ್ಯಾನ ಅಪ್ಪು ಘರ್ ಮಾತ್ರ 2008ರಲ್ಲಿ ಮುಚ್ಚಿಹೋಯಿತು.

ಹಕ್ಕುಗಳು ಖಾಸಗಿಯವರ ಕೈಸೇರಿದ ಮೇಲೆ 2007ರ ಕಾಯ್ದೆಯೊಂದು ಬಂತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳ ನೇರ ಸಂಕೇತವನ್ನು ಹಕ್ಕುದಾರರು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಹಾಗೆ ಬಂದ ಆಟ ದೂರದರ್ಶನದ ಉಚಿತ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಷ್ ಮೂಲಕವೂ ಮನೆ ಸೇರುತ್ತದೆ. ಒಮ್ಮೆ ಡಿಷ್, ಪೆಟ್ಟಿಗೆ ಕೊಂಡರಾಯಿತು, ತಿಂಗಳ ಬಾಡಿಗೆಯಿಲ್ಲ.